ಕಂದು ಬಣ್ಣದ ಪ್ರಶ್ನೆ

ಎಲ್ಲ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸಾಧಾರಣ ಬೆಳಿಗ್ಗೆ, ಅತ್ತೆ ಅಡುಗೆಮನೆಯ ಸಿಂಕಿನ ಮುಂದೆ ನಿಂತು ನಲ್ಲಿ ಬಿಚ್ಚುತ್ತಿದ್ದರು.

"ಏನು ಮಾಡ್ತಿದ್ದೀರ ಅತ್ತೆ?"

"ಕಾಣ್ತಿಲ್ವಾ? ಇದು ತೊಟ್ಟಿಕ್ಕೋದು ನಿಲ್ಲಿಸ್ತಿದ್ದೀನಿ. ಭಾನುವಾರ ಮಾಡ್ತೀನಿ, ಭಾನುವಾರ ಮಾಡ್ತೀನಿ ಅಂತ ಹೇಳಿ ಹೇಳಿ ಕೊನೆಗೂ ನನ್ನ ತಲೆಗೆ ಕಟ್ಟಿ ಹೋದ. ಆ ಪಾನಾ ಕೊಡು ಇಲ್ಲಿ."

ಪಾನಾ ಕೊಟ್ಟೆ. ಅತ್ತೆ ಜೀವನವಿಡೀ ಬಟ್ಟೆ ಹೊಲಿದವರು. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವರ ಬಾಯಲ್ಲಿದೆ; ನಲ್ಲಿಯ ವಾಷರನ್ನೂ ಗುಂಡಿ ಹೊಲಿಯುವ ಹಾಗೆ ಕಣ್ಣಿನ ಹತ್ತಿರ ತಂದು ನೋಡಿದರು. ನಾನು ಹಾಲು ಕಾಯಿಸಲು ಹೋದೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಕೋಣೆಗೆ, ಕೋಣೆಯಿಂದ ಮತ್ತೆ ಅಡುಗೆಮನೆಗೆ. ಹಾಲು ಉಕ್ಕಿತು.

"ಎದ್ದಾಗಿಂದ ಕಾಲಿಗೆ ಚಕ್ರ ಕಟ್ಕೊಂಡಿದ್ದೀಯ" ಎಂದರು ಅತ್ತೆ. "ಕೆಲಸಕ್ಕೆ ಹೋಗು. ಇಬ್ಬರೂ ಮುಖ ಮುಖ ನೋಡ್ಕೊಂಡು ಕೂತರೆ ಏನು ಬಂತು?"

"ನೀವೊಬ್ಬರೇ..."

"ನನ್ನ ಜೊತೆ ನಲ್ಲಿ ಇದೆ. ಹೋಗು. ಹಾಂ, ಬಾಗಿಲ ಹಿಂದಿನ ಅಂಗಿ ತೆಗೆದು ಬಕೆಟ್ಟಿಗೆ ಹಾಕು. ಒಗೀತೀನಿ."

ಕೊನೆಯ ದಿನ ನನ್ನ ಗಂಡ ಆಫೀಸಿಗೆ ಹಾಕಿಕೊಂಡು ಹೋಗಿದ್ದ ಅಂಗಿ ಅದು. ಮಾರನೆಯ ಬೆಳಿಗ್ಗೆ ಬೇರೊಂದು ಅಂಗಿ ತೊಟ್ಟು ಬ್ರೆಡ್ ತರಲು ಇಳಿದ, ಮೆಟ್ಟಿಲ ತಿರುವಿನಲ್ಲಿ ಕೂತ, ಏಳಲಿಲ್ಲ. ಹೃದಯ ಮೊದಲಿನಿಂದಲೂ ದುರ್ಬಲವಾಗಿತ್ತು, ಗೊತ್ತಾಗಿರಲಿಲ್ಲ ಅಷ್ಟೆ, ಎಂದರು ವೈದ್ಯರು. ಕೆಳಗಿನ ಮನೆಯವರು ಬಂದು ಕರೆದಾಗ ನಾನು ತಲೆ ಬಾಚುತ್ತಿದ್ದೆ.

ಅಂಗಿಯ ಜೇಬಿನಲ್ಲಿ ಏನೋ ಗಟ್ಟಿ ಇತ್ತು. ಪೆನ್ಸಿಲ್. ಕಂದು ಬಣ್ಣದ್ದು. ಹಿಂಬದಿಯಲ್ಲಿ ಬ್ಲೇಡಿನಿಂದ ಕೆತ್ತಿದ ಕಚ್ಚು. ಕಚ್ಚಿನ ಸುತ್ತ ಹಲ್ಲಿನ ಗುರುತು, ಹೊಸವು. ಅವನು ಪೆನ್ಸಿಲ್ ಕಚ್ಚುತ್ತಿದ್ದ. ಮದುವೆಗೆ ಮುಂಚೆ ಆಫೀಸಿನಲ್ಲಿ ನಾನು ಅವನಿಗೆ ಮೊದಲು ಹೇಳಿದ ಮಾತೇ 'ಹಸಿವಾದರೆ ಬಿಸ್ಕತ್ತು ಇದೆ' ಅಂತ.

ಅಂಗಿಯನ್ನು ಬಕೆಟ್ಟಿಗೆ ಹಾಕಿದೆ. ಪೆನ್ಸಿಲ್ಲನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಅದು ಅವನದಲ್ಲ ಎಂದು ನನಗೆ ಗೊತ್ತಿತ್ತು. ಕೊನೆಯ ರಾತ್ರಿ ಊಟದ ಹೊತ್ತಿಗೆ ಅವನೇ ಜೇಬಿನಿಂದ ತೆಗೆದು ನೋಡಿ, "ಅಯ್ಯೋ, ದೊಡ್ಡಕ್ಕನ ಪೆನ್ಸಿಲ್ ನನ್ನ ಜೊತೇನೇ ಬಂದುಬಿಟ್ಟಿದೆ. ನಾಳೆ ಕೊಡಬೇಕು" ಅಂದಿದ್ದ. ಆಮೇಲೆ ನಕ್ಕು, "ನಾಳೆ ಅವರ ಹತ್ತಿರ ಒಂದು ಜಗಳಾನೂ ಇದೆ" ಅಂದಿದ್ದ. ಏನು ಜಗಳ ಎಂದು ನಾನು ಕೇಳಲಿಲ್ಲ. ಆಫೀಸಿನಲ್ಲಿ ಅವರಿಬ್ಬರ ಜಗಳ ದಿನಾ ಇರುತ್ತಿತ್ತು.

*

ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಗಳನ್ನು ಓದಿ ತಿದ್ದುವುದು ನಮ್ಮ ಆಫೀಸಿನ ಕೆಲಸ. ಪಂಪು, ಹಿಟ್ಟು ಕಲಸುವ ಯಂತ್ರ, ಲಾಂಡ್ರಿಯ ಬಾಯ್ಲರು. ಬರೆಯುವವರು ಎಂಜಿನಿಯರುಗಳು. ಅವರಿಗೆ ಯಂತ್ರ ಗೊತ್ತು. ಒಂದು ವಾಕ್ಯವನ್ನು ಎರಡು ಥರ ಓದಬಹುದು ಎನ್ನುವುದು ಗೊತ್ತಿಲ್ಲ. ಆ ಎರಡನೆಯ ಥರವನ್ನು ಹುಡುಕಿ ಮುಚ್ಚುವುದಕ್ಕೆ ನಮಗೆ ಸಂಬಳ.

ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್. ನನ್ನದು ಹಸಿರು, ಅವನದು ನೇರಳೆ. ನಮ್ಮೆದುರು ಕೂರುವವನದು ನೀಲಿ. ಅವನ ಹೆಸರೂ ಈಗ ನೀಲಿಯೇ. ಕಂದು ದೊಡ್ಡಕ್ಕನದು. ಅನುಮಾನ ಬಂದ ಸಾಲಿನ ಪಕ್ಕ ಒಂದು ಪ್ರಶ್ನೆಯ ಗುರುತು ಹಾಕಬೇಕು, ಅಷ್ಟೇ. ಅಂಚಿನಲ್ಲಿ ಒಂದಕ್ಷರ ಬರೆಯುವಂತಿಲ್ಲ. ಗುರುತು ಹಾಕಿದವರು ಎದ್ದು ಹೋಗಿ, ಅಥವಾ ಫೋನಿನಲ್ಲಿ, ಯಾಕೆ ಹಾಕಿದೆ ಎಂದು ಬಾಯಲ್ಲೇ ಹೇಳಬೇಕು. ಬಗೆಹರಿದ ಮೇಲೆ ಹಾಕಿದವರೇ ರಬ್ಬರಿನಿಂದ ಅಳಿಸಬೇಕು. ಇನ್ನೊಬ್ಬರ ಬಣ್ಣವನ್ನು ಯಾರೂ ಮುಟ್ಟುವುದಿಲ್ಲ. ಒಂದು ಗುರುತು ಉಳಿದರೂ ಪುಟ ಹೊರಗೆ ಹೋಗುವುದಿಲ್ಲ.

ಈ ಪದ್ಧತಿ ತಂದವರು ದೊಡ್ಡಕ್ಕನೇ. ಬರೆದು ಜಗಳವಾಡಿದರೆ ಜಗಳ ಮುಗಿಯುವುದಿಲ್ಲ ಎನ್ನುವುದು ಅವರ ವಾದ. ನಮ್ಮೆಲ್ಲರಿಗಿಂತ ಹಿರಿಯರು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಪೆನ್ಸಿಲ್ ಕಳುವಾಗಬಾರದೆಂದು ಎಲ್ಲಕ್ಕೂ ಕಚ್ಚು ಹಾಕಿಟ್ಟುಕೊಳ್ಳುತ್ತಿದ್ದರು.

ನಾನು ಒಳಗೆ ಹೋದಾಗ ಎಲ್ಲರೂ ಒಟ್ಟಿಗೆ ಎದ್ದರು, ಆಮೇಲೆ ಯಾಕೆ ಎದ್ದೆವೆಂದು ಗೊತ್ತಾಗದೆ ಕೂತರು. ನೀಲಿ ನನ್ನ ಕುರ್ಚಿ ಒರೆಸಿದ. ಪಕ್ಕದ ಮೇಜಿನ ಮೇಲೆ, ಅವನ ಮೇಜಿನ ಮೇಲೆ, ನೇರಳೆ ಪೆನ್ಸಿಲ್ಲಿನ ತುಂಡೊಂದು ಇತ್ತು. ಬೆರಳಿಗೆ ಸಿಗದಷ್ಟು ಗಿಡ್ಡ. ಅದರ ಪಕ್ಕದಲ್ಲಿ ಇನ್ನೂ ಚೂಪು ಮಾಡದ ಹೊಸ ನೇರಳೆ ಪೆನ್ಸಿಲ್. ಸ್ಟೋರಿನವರು ಈಗ ಕಳಿಸಿದ್ದರು.

"ಬಂದೆಯಾ?" ಎಂದರು ದೊಡ್ಡಕ್ಕ. ಅಷ್ಟೇ ಕೇಳಿದರು. ಅವರ ಮುಂದೆ ಒಂದೇ ಒಂದು ಹಾಳೆ ಇತ್ತು. ಕಣ್ಣು ಮತ್ತೆ ಅದಕ್ಕೆ ಹೋಯಿತು.

"ಬೆಳಗ್ಗಿಂದ ಅದೇ ಪುಟ" ಎಂದು ನೀಲಿ ನನ್ನ ಕಿವಿಯ ಹತ್ತಿರ ಹೇಳಿದ. "ಬೆಳಗ್ಗಿಂದ ಏನು, ನೀನು ರಜೆ ಹಾಕಿದಾಗಿಂದ."

"ಏನಾಗಿದೆ?"

"ದೊಡ್ಡಕ್ಕ ದೊಡ್ಡಕ್ಕನ ಮೇಲೇನೇ ಪ್ರಶ್ನೆ ಎತ್ತಿದ್ದಾರೆ."

"ಕೇಳಿಸ್ತು ನೀಲಿ" ಎಂದರು ದೊಡ್ಡಕ್ಕ. "ಕಣ್ಣು ಹೋದರೂ ಕಿವಿ ಹೋಗಿಲ್ಲ."

ಬಾಯ್ಲರಿನ ಕೈಪಿಡಿ. ಪುಟದ ಕೆಳಗೆ ಕಂದು ಬಣ್ಣದ ಸರಿ ಗುರುತು, ಎಂದರೆ ದೊಡ್ಡಕ್ಕ ಓದಿ ಒಪ್ಪಿದ್ದಾರೆ. ಅದೇ ಪುಟದ ನಡುವೆ, ಒಂದು ಸಾಲಿನ ಪಕ್ಕ, ಕಂದು ಬಣ್ಣದ್ದೇ ಪ್ರಶ್ನೆ. ಸಾಲು ಇದು: 'ಆಲ್ ವಾಲ್ವ್ಸ್ ಮಸ್ಟ್ ನಾಟ್ ಬಿ ಓಪನ್ಡ್.' ಬಾಯ್ಲರು ಬಿಸಿಯಿದ್ದಾಗ ವಾಲ್ವುಗಳ ಬಗ್ಗೆ ಹೇಳುವ ಮಾತು. ಯಾವ ವಾಲ್ವನ್ನೂ ತೆರೆಯಬಾರದು ಎಂದು ಓದಬಹುದು. ಎಲ್ಲವನ್ನೂ ತೆರೆಯಬಾರದು, ಒಂದೆರಡು ತೆರೆದರೆ ಅಡ್ಡಿಯಿಲ್ಲ ಎಂದೂ ಓದಬಹುದು. ನಮ್ಮ ಮಾತಿನಲ್ಲೂ 'ಎಲ್ಲ ವಾಲ್ವುಗಳನ್ನೂ ತೆರೆಯಬಾರದು' ಅಂದರೆ ಇದೇ ಗೋಜಲು.

ಗೋಜಲು ಯಾರಿಗೂ ಹೊಸದಲ್ಲ. ಈ ಬಗೆಯ ವಾಕ್ಯವನ್ನು ಏನು ಮಾಡಬೇಕೆಂದು ದೊಡ್ಡಕ್ಕ ಎಂದೋ ತೀರ್ಪು ಕೊಟ್ಟಿದ್ದರು: ಬಿಡಿ, ಹಾಗೇ ಇರಲಿ. ಒಳ್ಳೆಯ ಇಂಗ್ಲಿಷ್ ಬರೆದವರು ತಲೆತಲಾಂತರದಿಂದ ಹಾಗೇ ಬರೆದಿದ್ದಾರೆ, 'ಎಲ್ಲವೂ ಅಲ್ಲ' ಎನ್ನುವ ಅರ್ಥದಲ್ಲಿ. ಅದು ತಪ್ಪು ಬಳಕೆಯಲ್ಲ. ಬುದ್ಧಿ ಇರುವ ಓದುಗನಿಗೆ ತಿಳಿಯುತ್ತದೆ. ಇದೊಂದನ್ನು ಒಪ್ಪದವನು ಆಫೀಸಿನಲ್ಲಿ ಒಬ್ಬನೇ, ನನ್ನ ಗಂಡ. 'ನಾಟ್' ಎನ್ನುವುದನ್ನು 'ಆಲ್'ಗೆ ಮುಂಚೆ ಇಡಿ, ಇಲ್ಲವೇ 'ನೋ ವಾಲ್ವ್' ಎಂದು ಬರೆಯಿರಿ, ಎರಡರಲ್ಲೊಂದು ಮಾಡಿ ಎಂದು ಅವನು ಹಟ ಹಿಡಿಯುತ್ತಿದ್ದ.

"ಓದೋನಿಗೆ ತಲೆ ಇಲ್ವೇನೋ?" ಎಂದು ದೊಡ್ಡಕ್ಕ ಒಮ್ಮೆ ಕೇಳಿದ್ದರು.

"ತಲೆ ಇದೆ ದೊಡ್ಡಕ್ಕ, ಮುಖಾನೂ ಇದೆ. ಹಬೆ ಬಡಿಯೋದು ಮುಖಕ್ಕೆ."

"ಬಾಯಿ ನೋಡು ಇವನದು."

ನಾನು ಬಗ್ಗಿ ಆ ಗುರುತನ್ನು ನೋಡಿದೆ. ದೊಡ್ಡಕ್ಕನ ಪ್ರಶ್ನೆಗಳು ನೆಟ್ಟಗೆ ನಿಲ್ಲುತ್ತವೆ. ಇದು, ಅವನು ಹಾಕುವ ಪ್ರಶ್ನೆಗಳಂತೆ, ಬೆನ್ನನ್ನು ಹಿಂದಕ್ಕೆ ಒರಗಿಸಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತವನ ಹಾಗಿತ್ತು.

ನನ್ನ ಚೀಲ ತೊಡೆಯ ಮೇಲಿತ್ತು. ಅದನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ.

*

ಹೇಳಬಹುದಿತ್ತು. ಆ ಕ್ಷಣ ಬಾಯಿ ತೆರೆದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಹೇಳಿದರೆ ಪೆನ್ಸಿಲ್ ಕೊಡಬೇಕು, ಗುರುತನ್ನು ಅಳಿಸಬೇಕು. ಅವನು ಜಗತ್ತಿನಲ್ಲಿ ಕೊನೆಯದಾಗಿ ಬರೆದದ್ದು ಅದು. ಬರೆಯುವ ಮುಂಚೆ ಕಚ್ಚಿದ್ದು ಇದು. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ, ನಾಳೆ ಹೇಳೋಣ ಎಂದುಕೊಂಡೆ.

ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೀರು ಕುಡಿಯಲು ಏಳುತ್ತಿದ್ದೆ, ಕುಡಿಯದೆ ಬರುತ್ತಿದ್ದೆ. ಕಾರಿಡಾರಿನ ತುದಿಯವರೆಗೆ ಹೋಗಿ ಅಲ್ಲಿನ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆ ಓದಿ ಹಿಂತಿರುಗುತ್ತಿದ್ದೆ. ಚೀಲದೊಳಗೆ ಕೈ ಹಾಕಿ ಹಲ್ಲಿನ ಗುರುತುಗಳನ್ನು ಬೆರಳ ತುದಿಯಲ್ಲಿ ಮುಟ್ಟುತ್ತಿದ್ದೆ. ಮನೆಗೆ ಹೋದರೆ ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ, ಅದಕ್ಕೂ ಸಿಡುಕು ಬರುತ್ತಿತ್ತು.

ಸಾಹೇಬರು ದಿನಾ ಬಂದು ಕೇಳುತ್ತಿದ್ದರು. ಅವರು ಕೆಟ್ಟವರಲ್ಲ. ಕೈಪಿಡಿ ಅಚ್ಚಿಗೆ ಹೋಗಬೇಕು, ಕಾರ್ಖಾನೆಯವರು ಅವರ ಜೀವ ಹಿಂಡುತ್ತಿದ್ದರು.

"ದೊಡ್ಡಕ್ಕ, ಯಾಕೆ ಹಾಕಿದ್ದು ಅಂತ ಹೇಳಿಬಿಡಿ. ಇಲ್ಲ ಅಳಿಸಿಬಿಡಿ."

"ಯಾಕೆ ಹಾಕಿದೆ ಅಂತ ಗೊತ್ತಾಗದೆ ಅಳಿಸೋದಿಲ್ಲ."

"ಗೊತ್ತಾಗ್ತಾ ಇಲ್ವಾ?"

ದೊಡ್ಡಕ್ಕ ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆಫೀಸೆಲ್ಲ ಕಾರಣ ಹುಡುಕತೊಡಗಿತು. 'ಆಲ್' ಬಗ್ಗೆ ಇರಲಾರದು. ಅದನ್ನು ದೊಡ್ಡಕ್ಕನೇ ಒಪ್ಪಿದ್ದಾರೆ. ಹಾಗಾದರೆ 'ಮಸ್ಟ್' ಸರಿಯೇ? ಸಾಲಿನ ಕೊನೆಯಲ್ಲಿ ಬಿಸಿ ಎಷ್ಟೆಂದು ಹೇಳಬೇಕಿತ್ತೇ? ಅಕ್ಷರ ಸಣ್ಣದಾಯಿತೇ? ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ತಂದು ಒಪ್ಪಿಸಿದರು. ದೊಡ್ಡಕ್ಕ ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ, ಒಳಗೆ ಎಲ್ಲೋ ತಡಕಾಡಿ, ಇಲ್ಲ ಎಂದು ತಲೆಯಾಡಿಸಿದರು.

"ಹೊಳೆಯೋವರೆಗೂ ಒಂದು ನಿದ್ದೆ ಮಾಡಿ ದೊಡ್ಡಕ್ಕ" ಎಂದ ನೀಲಿ, ನಗಿಸಲು.

"ಮಾಡ್ತೀನಿ. ಎದ್ದಾಗ ನೀನು ಯಾರು ಅಂತ ಕೇಳಿದರೆ ಬೇಜಾರು ಮಾಡ್ಕೋಬೇಡ."

ಯಾರೂ ನಗಲಿಲ್ಲ.

ಒಂದು ಮಧ್ಯಾಹ್ನ ಕೈ ತೊಳೆಯಲು ಹೋದಾಗ ಅವರು ಕನ್ನಡಿಯ ಮುಂದೆ ನಿಂತು ಏನೋ ಪಿಸುಗುಡುತ್ತಿದ್ದರು. ಮೊದಲು ಲೆಕ್ಕ ಎಂದುಕೊಂಡೆ. ಅಲ್ಲ. ಕಿಟಕಿಯ ಕಡೆಯಿಂದ ಶುರು ಮಾಡಿ, ನಮ್ಮ ಕೋಣೆಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ಒಬ್ಬೊಬ್ಬರನ್ನೇ ಹೇಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

"ಕೆಂಪಿನ ಪಕ್ಕ ಯಾರು?" ಎಂದು ಕೇಳಿದರು.

"ಬೂದು."

"ಅದೇ ಹೇಳಿದೆ." ಕೈ ಒರೆಸಿಕೊಂಡರು, ಒದ್ದೆ ಇಲ್ಲದ ಕೈ. "ನಮ್ಮಮ್ಮನಿಗೆ ಹೀಗೇ ಶುರುವಾಗಿದ್ದು. ತಾನೇ ಬಾಗಿಲು ಹಾಕಿ, ಯಾರು ಹಾಕಿದ್ದು ಅನ್ನೋಳು. ನಾನು ರೇಗ್ತಿದ್ದೆ. ಕೊನೆಗೆ ಒಂದು ದಿನ ನನ್ನ ಮುಖ ನೋಡಿ, ನಿಮ್ಮ ಮನೆ ಎಲ್ಲಮ್ಮ, ಕತ್ತಲಾಗೋ ಮುಂಚೆ ಹೊರಡು ಅಂದಳು."

ನಲ್ಲಿ ತಿರುಗಿಸಿದೆ. ನೀರು ಜೋರಾಗಿ ಬಂತು. ಆ ಸದ್ದಿನಲ್ಲಿ ಏನೂ ಹೇಳಬೇಕಾಗಲಿಲ್ಲ.

"ನಿನಗೆ ನಿನ್ನದೇ ಸಾಕಷ್ಟಿದೆ" ಎಂದರು. "ಇದನ್ನು ತಲೆಗೆ ಹಚ್ಕೋಬೇಡ."

ಮಾರನೆಯ ದಿನ ಸಾಹೇಬರು ಅವರನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತ್ತು, ಗೋಡೆ ತೆಳು. "ವಿಶ್ರಾಂತಿ ಅಂದುಕೊಳ್ಳಿ" ಎನ್ನುವುದು ಕೇಳಿಸಿತು. "ಕೆಳಗೆ ಪಾರ್ಸೆಲ್ ವಿಭಾಗದಲ್ಲಿ ಒಂದು ಕುರ್ಚಿ ಇದೆ" ಎನ್ನುವುದೂ. ದೊಡ್ಡಕ್ಕ ಹೊರಗೆ ಬಂದು ತಮ್ಮ ಮೇಜಿನ ಡ್ರಾಯರ್ ಎಳೆದು, ಅದರೊಳಗಿನದನ್ನು ಸುಮ್ಮನೆ ನೋಡುತ್ತ ಕೂತರು.

ನಾನು ಎದ್ದೆ. ಕಾಲು ತಾನಾಗಿ ಸಾಹೇಬರ ಕೋಣೆಗೆ ಹೋಯಿತು.

"ಸಾರ್, ಆ ಗುರುತು ದೊಡ್ಡಕ್ಕನದಲ್ಲ. ಅವನದು."

ಸಾಹೇಬರು ಕನ್ನಡಕ ತೆಗೆದರು. ದೊಡ್ಡಕ್ಕನನ್ನು ಕರೆದರು. ಹಿಂದೆಯೇ ನೀಲಿಯೂ ಬಂದು ಬಾಗಿಲಿಗೆ ಒರಗಿದ.

"ಬಣ್ಣ ಕಂದು ಅಲ್ವಾ?" ಎಂದ ನೀಲಿ ಮೆಲ್ಲಗೆ.

"ಅವನ ಕೈ ನನಗೆ ಗೊತ್ತು. ಅವತ್ತು ಅವನ ಪೆನ್ಸಿಲ್ ಮುಗಿದಿತ್ತು. 'ಆಲ್' ಬಗ್ಗೆ ಮತ್ತೆ ದೊಡ್ಡಕ್ಕನ ಹತ್ತಿರ ಜಗಳ ಇದೆ ಅಂದಿದ್ದ." ಜಗಳ ಇದೆ ಅಂದಿದ್ದ, ಅಷ್ಟೇ. 'ಆಲ್' ನಾನು ಸೇರಿಸಿದ್ದು, ಬೇರೆ ಇರಲಾರದು.

"ಯಾವ ಪೆನ್ಸಿಲ್ಲಿನಲ್ಲಿ ಹಾಕಿದ?" ಎಂದರು ದೊಡ್ಡಕ್ಕ.

"ನಿಮ್ಮದು."

"ನನ್ನ ಪೆನ್ಸಿಲ್ ನನ್ನ ಡಬ್ಬೀಲಿದೆ."

"ಇನ್ನೊಂದು... ಅವನು ತಗೊಂಡಿದ್ದ."

"ಎಲ್ಲಿ ಅದು?"

ಚೀಲ ನನ್ನ ಹೆಗಲಲ್ಲೇ ಇತ್ತು. "ಗೊತ್ತಿಲ್ಲ" ಎಂದೆ.

ದೊಡ್ಡಕ್ಕ ನನ್ನ ಹತ್ತಿರ ಬಂದು ಹೆಗಲು ಮುಟ್ಟಿದರು. ಅವರ ಕೈ ಹಗುರವಾಗಿತ್ತು. "ಇಲ್ಲಿ ಇನ್ನೊಬ್ಬರ ಬಣ್ಣ ಯಾರೂ ಮುಟ್ಟೋದಿಲ್ಲ. ಅವನೂ ಮುಟ್ತಿರಲಿಲ್ಲ. ನನ್ನ ಮೇಲೆ ಕನಿಕರ ಇದೆ, ಸಂತೋಷ. ಆದರೆ ಹೋದವನ ಹೆಸರಲ್ಲಿ ನನ್ನ ಮರೆವನ್ನ ಮುಚ್ಚೋದು ಬೇಡ ಹುಡುಗಿ. ಅವನಿಗೂ ಅದು ಚೆನ್ನಾಗಿರಲ್ಲ."

ಸಾಹೇಬರು ಫೋನ್ ಎತ್ತಿದರು. ಕಾರಣ ಯಾರದ್ದೇ ಇರಲಿ, ಕೇಳಿಯೇ ಬಿಡುತ್ತೇನೆ ಎಂದರು. ಕಾರ್ಖಾನೆಯಲ್ಲಿ ಬಾಯ್ಲರು ಪರೀಕ್ಷೆ ಮಾಡುವವನ ಹತ್ತಿರ ಮಾತಾಡಿದರು. ಅವನ ದನಿ ನಮಗೂ ಕೇಳಿಸುವಷ್ಟು ದೊಡ್ಡದಿತ್ತು.

"ಬಿಸಿ ಇದ್ದಾಗ ಒಂದನ್ನೂ ತೆಗೆಯಂಗಿಲ್ಲ ಸ್ವಾಮಿ. ಒಂದು ತೆಗೆದರೂ ಸಾಕು, ಮುಖದ ಚರ್ಮ ಕಿತ್ತು ಬರುತ್ತೆ. ಅದನ್ನೇ ಅಲ್ವಾ ನಾವು ಬರೆದಿರೋದು?"

ಸಾಹೇಬರು ಫೋನ್ ಇಟ್ಟರು. ದೊಡ್ಡಕ್ಕನ ಕೈ ನನ್ನ ಹೆಗಲ ಮೇಲೇ ಇತ್ತು, ಈಗ ಭಾರವಾಯಿತು.

"ಅಂದರೆ ನಾನು ಒಪ್ಪಿದ್ದೇ ತಪ್ಪು" ಎಂದರು. "ಅದು ನನಗೇ ಒಂದು ಗಳಿಗೆ ಹೊಳೆದಿದೆ. ಪ್ರಶ್ನೆ ಹಾಕಿದ್ದೀನಿ. ಹಾಕಿ ಮರೆತಿದ್ದೀನಿ." ಸಾಹೇಬರ ಕಡೆ ತಿರುಗಿದರು. "ಮರೆಯೋದು ಇಂಥದ್ದನ್ನಾ? ನೀವು ಹೇಳೋದು ಸರಿ ಸಾರ್. ನಾಳೆ ಕೆಳಗೆ ಹೋಗ್ತೀನಿ."

ನಾನು ಕೆಡಿಸಿದ್ದೆ. ಅರ್ಧ ಹೇಳಿ, ಇನ್ನರ್ಧವನ್ನು ಚೀಲದಲ್ಲಿ ಇಟ್ಟುಕೊಂಡು, ಇದ್ದದ್ದನ್ನೂ ಕೆಡಿಸಿದ್ದೆ.

*

ಮನೆಯಲ್ಲಿ ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಅವನ ಅಂಗಿಯೂ ಅದರಲ್ಲಿತ್ತು. ಕಾಲರನ್ನು ತಿರುಗಿಸಿ, ಒತ್ತಿ, ಗುಂಡಿ ಹಾಕಿ, ಮಡಿಸಿದರು, ನಾಳೆ ಯಾರೋ ತೊಡುವ ಹಾಗೆ. ನಾನು ಬಾಗಿಲಲ್ಲಿ ನಿಂತೆ, ಕುರ್ಚಿಯಲ್ಲಿ ಕೂತೆ, ಎದ್ದೆ.

"ಮತ್ತೆ ಶುರುವಾಯ್ತಾ" ಎಂದರು.

ಪೆನ್ಸಿಲ್ಲನ್ನು ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟೆ. ಯಾರದು, ಹೇಗೆ ಬಂತು, ಆಫೀಸಿನಲ್ಲಿ ಏನಾಯಿತು, ಎಲ್ಲ ಹೇಳಿದೆ. ಇಷ್ಟು ಉದ್ದದ ಮಾತು ಅವನು ಹೋದ ಮೇಲೆ ನಾನು ಆಡಿರಲಿಲ್ಲ. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪೆನ್ಸಿಲ್ಲನ್ನು ಕೈಗೆ ತೆಗೆದುಕೊಂಡು, ವಾಷರ್ ನೋಡಿದ ಹಾಗೇ ಕಣ್ಣಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಆ ಗುರುತುಗಳ ಮೇಲೆ ಒಮ್ಮೆ ಸವರಿದರು.

"ಹಲ್ಲು ಬಂದಾಗಿಂದ ಹೀಗೇ" ಎಂದರು. "ನನ್ನ ಅಳತೆ ಟೇಪಿನ ತುದೀನೂ ಬಿಡಲಿಲ್ಲ. ಒಂದು ವರ್ಷ ಗಿರಾಕಿಗಳ ಸೊಂಟ ಒಂದಿಂಚು ಜಾಸ್ತಿ ಬರ್ತಿತ್ತು."

ನನಗೆ ನಗು ಬಂತು. ಅಥವಾ ನಗುವಿನಂಥದ್ದು. ಅತ್ತೆಗೂ ಬಂತು.

"ನೀವು ಇಟ್ಕೋಬೇಕು ಅನ್ಸಿದರೆ..." ಎಂದೆ.

"ಅನ್ಸುತ್ತೆ. ಅನ್ಸದೆ ಏನು?" ಪೆನ್ಸಿಲ್ಲನ್ನು ಅಂಗಿಯ ಮೇಲಿಟ್ಟರು, ಮತ್ತೆ ಎತ್ತಿಕೊಂಡರು. "ಆದರೆ ಇದು ಅವನದಲ್ಲವಲ್ಲ. ಅವನ ಸಾಮಾನು ಮನೆ ತುಂಬ ಇದೆ. ಇನ್ನೊಬ್ಬರದು ತಂದು ಕೊಡದೆ ಹೋದ ಅನ್ನೋ ಮಾತು ನನ್ನ ಮಗನ ಮೇಲೆ ಬರಬಾರದು."

"ಅವರು ಹಾಗೆ ಅನ್ನೋರಲ್ಲ."

"ಅವರು ಅನ್ನಲ್ಲ. ಅದಕ್ಕೇ ಕೊಡಬೇಕು. ಆ ಹೆಂಗಸು ತನ್ನ ತಲೆ ಕೆಟ್ಟಿದೆ ಅಂತ ಒಬ್ಬಳೇ ಕೂತಿರ್ತಾಳಲ್ಲ ಈಗ." ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಸಿದರು. "ಊಟ ಮಾಡು. ನಿಂತ್ಕೊಂಡಾದರೂ ಮಾಡು."

ನಿಂತುಕೊಂಡೇ ಮಾಡಿದೆ.

*

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಬೇಕೆಂದುಕೊಂಡಿದ್ದೆ. ದೊಡ್ಡಕ್ಕ ನನಗಿಂತ ಮೊದಲು ಬಂದಿದ್ದರು. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ. ಅದರೊಳಗೆ ನಿಘಂಟು, ಟೀ ಲೋಟ, ಚಳಿಗಾಲಕ್ಕೆಂದು ಕುರ್ಚಿಗೆ ತಗುಲಿ ಹಾಕುತ್ತಿದ್ದ ಸ್ವೆಟರು. ಪೆನ್ಸಿಲ್ ಡಬ್ಬಿಯನ್ನು ಮಾತ್ರ ಪೆಟ್ಟಿಗೆಗೆ ಹಾಕಿರಲಿಲ್ಲ. ಕೆಳಗೆ ಪಾರ್ಸೆಲ್ ವಿಭಾಗದಲ್ಲಿ ಅದು ಬೇಕಾಗುವುದಿಲ್ಲ.

"ಕೆಳಗೆ ಒಳ್ಳೆ ಗಾಳಿ ಬರುತ್ತಂತೆ" ಎಂದರು. "ನೀಲಿಯ ಜೋಕು ಅಲ್ಲಿವರೆಗೆ ಕೇಳಿಸಲ್ಲ. ಅದೂ ಒಂದು ಲಾಭವೇ."

ಚೀಲಕ್ಕೆ ಕೈ ಹಾಕಿದೆ. ಪೆನ್ಸಿಲ್ ತೆಗೆದು ಅವರ ಮುಂದೆ ಹಿಡಿದೆ.

"ಇದು ನಿಮ್ಮದು ದೊಡ್ಡಕ್ಕ. ಅವನು ತಂದಿದ್ದ. ನಿನ್ನೆಯೂ ನನ್ನ ಹತ್ತಿರಾನೇ ಇತ್ತು. ಕೊಡೋಕೆ ಆಗಲಿಲ್ಲ."

ಅವರು ತೆಗೆದುಕೊಳ್ಳಲಿಲ್ಲ. ಕನ್ನಡಕ ಏರಿಸಿ, ನನ್ನ ಮಣಿಕಟ್ಟು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಮೊದಲು ಬ್ಲೇಡಿನ ಕಚ್ಚನ್ನು ನೋಡಿದರು. ಆಮೇಲೆ ಹಲ್ಲಿನ ಗುರುತು. ಡಬ್ಬಿಯಲ್ಲಿದ್ದ ಇನ್ನೊಂದು ಕಂದು ಪೆನ್ಸಿಲ್ ತೆಗೆದು ಪಕ್ಕದಲ್ಲಿ ಹಿಡಿದರು. ಅದೇ ಕಚ್ಚು, ಅದೇ ಓರೆ.

"ಫೋನಲ್ಲಿದ್ದೆ" ಎಂದರು. "ಯಾರೋ ಪಕ್ಕ ಬಂದು ನಿಂತರು. ಏನೋ ಕೇಳಿದರು. ನಾನು ತಿರುಗಿ ನೋಡಲಿಲ್ಲ, ಹೂಂ ಅಂದೆ." ಡಬ್ಬಿಯ ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟರು. "ಹೂಂ ಅಂದಿದ್ದು ನೆನಪಿದೆ. ನೋಡು, ನೆನಪಿದೆ. ಫೋನಲ್ಲಿ ಮಾತಾಡ್ತಿದ್ದದ್ದು ಪಂಪಿನ ಬಗ್ಗೆ."

"ಹೌದು, ಆ ವಾರ ಪಂಪಿನ ಕೈಪಿಡಿ ಇತ್ತು."

"ಕಳ್ಳ. ನನ್ನ ಜೊತೆ ಜಗಳ ಆಡೋಕೆ ನನ್ನ ಪೆನ್ಸಿಲ್ಲೇ ಬೇಕಿತ್ತು ಇವನಿಗೆ." ಕುರ್ಚಿಗೆ ಒರಗಿದರು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಆ ವಾರದಲ್ಲಿ ಮೊದಲ ಸಲ ಅವರದೇ ಮುಖದ ಹಾಗಿತ್ತು. "ಅಂತೂ ನಾನು ಮರೀಲಿಲ್ಲ. ತಪ್ಪು ಮಾಡಿದೆ. ತಪ್ಪು ಮಾಡೋದಕ್ಕೆ ನಾನು ಹೆದರೋಳಲ್ಲ. ಇಷ್ಟು ವರ್ಷ ತಪ್ಪು ತೀರ್ಪು ಕೊಟ್ಟೆ, ಇವನು ಹೇಳಿದ್ದೇ ಸರಿ. ಹೇಳೋಣ ಅಂದರೆ ಕೇಳೋಕೆ ಇಲ್ಲ."

"ಕೇಳಿದ್ದರೆ ತಿಂಗಳುಗಟ್ಟಲೆ ಮೆರೀತಿದ್ದ."

"ವರ್ಷಗಟ್ಟಲೆ."

ಸಾಹೇಬರು ಬಂದರು. ಪೆಟ್ಟಿಗೆ ನೋಡಿದರು, ನಮ್ಮಿಬ್ಬರನ್ನು ನೋಡಿದರು, ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ವಿವರಿಸಬೇಕಾಗಲಿಲ್ಲ; ಕಚ್ಚಿದ ಪೆನ್ಸಿಲ್ ಯಾರದೆಂದು ಈ ಮಹಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಪೆಟ್ಟಿಗೆಯಿಂದ ನಿಘಂಟನ್ನು ತಾವೇ ಎತ್ತಿ ಮೇಜಿನ ಮೇಲೆ ಮೊದಲಿದ್ದಲ್ಲಿ ಇಟ್ಟರು. ಆಮೇಲೆ ಬಾಯ್ಲರಿನ ಪುಟ ತೆಗೆದರು.

"ಸಾಲು 'ನೋ ವಾಲ್ವ್' ಅಂತ ಬದಲಾಗುತ್ತೆ. ಆದರೆ ಈ ಗುರುತು... ಯಾರು ಅಳಿಸ್ತೀರಿ?"

"ನನ್ನದಲ್ಲ" ಎಂದರು ದೊಡ್ಡಕ್ಕ.

"ನನ್ನದೂ ಅಲ್ಲ" ಎಂದೆ.

ಸಾಹೇಬರು ಪುಟವನ್ನು ಬೆಳಕಿಗೆ ಹಿಡಿದು, ಕಾಲು ಚಾಚಿ ಕೂತ ಆ ಪ್ರಶ್ನೆಯನ್ನು ನೋಡಿದರು. "ಹೊಸದಾಗಿ ಟೈಪ್ ಮಾಡಿಸ್ತೀನಿ. ಇದು ಹೀಗೇ ಕಪಾಟಿನಲ್ಲಿ ಇರಲಿ" ಎಂದು ತೆಗೆದುಕೊಂಡು ಹೋದರು.

ಸ್ವೆಟರನ್ನು ಕುರ್ಚಿಗೆ ತಗುಲಿ ಹಾಕಿ ದೊಡ್ಡಕ್ಕ ಕೂತರು. ನಾನಿನ್ನೂ ಕೈ ಚಾಚಿಕೊಂಡೇ ನಿಂತಿದ್ದೆ.

"ನೀನೇ ಇಟ್ಕೊಳ್ತೀಯಾ?" ಎಂದು ಕೇಳಿದರು, ಮೆಲ್ಲಗೆ. "ನನ್ನ ಹತ್ತಿರ ಬೇರೆ ಇದೆ."

"ಬೇಡ ದೊಡ್ಡಕ್ಕ. ನಾಳೆ ಕೊಡಬೇಕು ಅಂದಿದ್ದ."

ಅವರು ಅಂಗೈ ಬಿಡಿಸಿ ಮುಂದೆ ಹಿಡಿದರು. ಪೆನ್ಸಿಲ್ಲನ್ನು ಅದರ ಮೇಲಿಟ್ಟೆ. ನನ್ನ ಬೆರಳುಗಳು ಬಿಡಲಿಲ್ಲ. ದೊಡ್ಡಕ್ಕ ಎಳೆಯಲಿಲ್ಲ, ಕೈಯನ್ನು ಹಾಗೇ ಹಿಡಿದುಕೊಂಡು ಕಾದರು. ಮೆಟ್ಟಿಲ ಮೇಲೆ ನೀಲಿ ಯಾರನ್ನೋ ರೇಗಿಸುತ್ತ ಹತ್ತಿ ಬರುವುದು ಕೇಳಿಸಿತು. ಅವನು ಬಾಗಿಲು ತಳ್ಳುವ ಮುಂಚೆ ಬಿಟ್ಟೆ.